ಪಕ್ಕವಾದ್ಯದ ಅಕ್ಕನಿಗೆ ಬೀಳ್ಕೊಡುಗೆ: ಒಂದು ಹವ್ಯಾಸಿ ಸಂಗೀತ ಬಳಗದ ಪ್ರಕರಣ ಅಧ್ಯಯನ

ಹನ್ನೊಂದು ವರ್ಷ ಪ್ರತಿ ಶನಿವಾರ ಸಂಜೆ ಕೀಬೋರ್ಡ್ ಮುಂದೆ ಕುಳಿತು, ಬಂದವರೆಲ್ಲರ ಹಾಡಿಗೂ ನುಡಿಸಿದ ಹಿರಿಯರೊಬ್ಬರು ಮಗಳ ಮನೆಗೆಂದು ದೂರದ ಊರಿಗೆ ಹೊರಟಿದ್ದರು. ಬಳಗದಿಂದ ಅವರನ್ನು ಬೀಳ್ಕೊಡಬೇಕು, ಅದು ಹಬ್ಬದಂತೆ ನಡೆಯಬೇಕು, ಎಲ್ಲರೂ ಹಾಡಬೇಕು ಎಂದು ತೀರ್ಮಾನವಾಯಿತು. ಆದರೆ ಹಾಡಬೇಕಾದವರಲ್ಲಿ ಒಬ್ಬರೂ ಅದುವರೆಗೆ ಅವರ ಆಸರೆಯಿಲ್ಲದೆ ನಾಲ್ಕು ಜನರೆದುರು ಬಾಯಿ ತೆರೆದವರಲ್ಲ. ಯಾರನ್ನು ಗೌರವಿಸಬೇಕೋ ಅವರನ್ನೇ ದುಡಿಸಿಕೊಳ್ಳದೆ ಕಾರ್ಯಕ್ರಮ ನಡೆಸುವುದು ಹೇಗೆ? ಹೊಣೆ ಹೊತ್ತ ನಾಲ್ವರಲ್ಲಿ ನಾನೂ ಇದ್ದೆ. ಏಳು ವಾರಗಳ ತಯಾರಿಯಲ್ಲಿ ಎಲ್ಲಿ ಎಡವಿದೆವು, ಎಲ್ಲಿ ದಾರಿ ಸಿಕ್ಕಿತು ಎಂಬುದನ್ನು ಬಿಡಿಸಿ ಬರೆದರೆ ಇಂಥ ಬಳಗಗಳನ್ನು ನಡೆಸುವವರಿಗೆ ನೆರವಾದೀತು.

ಬಳಗ, ಅಕ್ಕ, ಮತ್ತು ಒಂದು ನೋಟುಪುಸ್ತಕ

ನಮ್ಮದು 34 ಜನರ ಬಳಗ. ಶಾಲಾ ಶಿಕ್ಷಕರು, ನರ್ಸ್, ದರ್ಜಿ, ಕಚೇರಿ ಗುಮಾಸ್ತರು, ಕಾಲೇಜು ವಿದ್ಯಾರ್ಥಿಗಳು, ನಿವೃತ್ತರು ಎಲ್ಲರೂ ಇದ್ದಾರೆ. ಗ್ರಂಥಾಲಯವೊಂದರ ಮೇಲಂತಸ್ತಿನ ಕೋಣೆಯಲ್ಲಿ ಸೇರುತ್ತೇವೆ. ಇರುವುದು ಒಂದೇ ನಿಯಮ: ಬಂದವರು ಹಾಡಬೇಕು, ಇಲ್ಲವೇ ನುಡಿಸಬೇಕು. ಗುರುಮುಖೇನ ಕಲಿತವರು ಐದಾರು ಮಂದಿ ಮಾತ್ರ. ಉಳಿದವರದೆಲ್ಲ ಕೇಳಿ ಕಲಿತ ವಿದ್ಯೆ.

ಕೀಬೋರ್ಡ್ ನುಡಿಸುವವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ಪಕ್ಕವಾದ್ಯ ಎಂಬ ಮಾತಿನಲ್ಲಿ 'ಪಕ್ಕ' ಇದೆ ನಿಜ, ಆದರೆ ಹವ್ಯಾಸಿಗಳ ನಡುವೆ ಆ ವಾದ್ಯ ಇರುವುದು ಕಾಲಡಿಯ ನೆಲದಂತೆ. ಪಳಗಿದ ಗಾಯಕರಿಗೆ ಶ್ರುತಿಯೂ ಲಯವೂ ಒಳಗೇ ಇರುತ್ತವೆ. ಹವ್ಯಾಸಿಗಳು ಅವೆರಡನ್ನೂ ಪಕ್ಕದಲ್ಲಿ ಕುಳಿತವರಿಂದ ಪಡೆಯುತ್ತಾರೆ. ಒಬ್ಬರು ಎರಡು ಮಾತ್ರೆ ಮೊದಲೇ ಚರಣಕ್ಕೆ ಹಾರಿದರೆ ಅಕ್ಕನ ಕೈಯೂ ಅವರೊಂದಿಗೆ ಹಾರುತ್ತಿತ್ತು. ಇನ್ನೊಬ್ಬರಿಗೆ ಉಸಿರು ಸಾಲದೆ ಹೋದರೆ ಪಲ್ಲವಿಯ ಕೊನೆಯ ಸ್ವರವನ್ನು ಹಿಡಿದು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಕೇಳುವವರಿಗೆ ತಪ್ಪು ಗೊತ್ತಾಗುತ್ತಿರಲಿಲ್ಲ. ಹಾಡಿದವರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮ ಕಷ್ಟಕ್ಕೆಲ್ಲ ಬೇರು ಇದ್ದುದು ಅಲ್ಲಿಯೇ.

ಅಕ್ಕನ ಬಳಿ ಕಂದು ಹೊದಿಕೆಯ ಉದ್ದನೆಯ ನೋಟುಪುಸ್ತಕವೊಂದಿತ್ತು. ಅದು ಕೀಬೋರ್ಡ್ ಸ್ಟ್ಯಾಂಡಿನ ಅಂಚಿನಲ್ಲಿ ಸದಾ ಇರುತ್ತಿದ್ದರೂ ಅದರಲ್ಲಿ ಹಾಡಿನ ಸಾಹಿತ್ಯ ಇರಬಹುದೆಂದು ನಾವು ಯಾರೂ ತೆರೆದು ನೋಡಿರಲಿಲ್ಲ. ಒಳಗೆ ಇದ್ದುದು ನಾವು: ಪ್ರತಿಯೊಬ್ಬರ ಹೆಸರು, ಶ್ರುತಿಯ ಮನೆ (ಅವರ ಆಧಾರ ಸ್ವರ ಕೂರುವ ಕೀ), ಯಾವ ಹಾಡಿನ ಯಾವ ಸಾಲಿನಲ್ಲಿ ತಡವರಿಸುತ್ತಾರೆ, ಎಲ್ಲಿ ಕಾಯಬೇಕು, ಎಲ್ಲಿ ಮುಂದೆ ಹೋಗಿ ದಾರಿ ತೋರಿಸಬೇಕು. 'ಮೊದಲ ಸ ಜೋರಾಗಿ ಕೊಡು, ಆಮೇಲೆ ಬಿಟ್ಟುಬಿಡು' ಎಂದು ಒಬ್ಬರ ಹೆಸರಿನ ಮುಂದೆ. 'ತಾರ ಷಡ್ಜಕ್ಕೆ ಹೋಗುವ ಮುನ್ನ ಮುಖ ನೋಡು, ತಲೆಯಾಡಿಸು' ಎಂದು ಇನ್ನೊಬ್ಬರ ಮುಂದೆ.

ಮೊದಲ ಯೋಜನೆಯ ಲೆಕ್ಕ

ಮೊದಲ ಸಭೆಯಲ್ಲಿ ನಾವು ಹಾಕಿದ ಯೋಜನೆ ಎಲ್ಲರೂ ಹಾಕುವಂಥದೇ. ಹೆಸರು ಕೊಟ್ಟವರು 27 ಮಂದಿ. ತಲೆಗೊಂದು ಹಾಡು, ಎಲ್ಲಕ್ಕೂ ಎಂದಿನಂತೆ ಅಕ್ಕನ ಕೀಬೋರ್ಡ್, ಕೊನೆಯಲ್ಲಿ ಸನ್ಮಾನ, ನಾಲ್ಕು ಭಾಷಣ. ಬಳಗದ ಅತಿ ಕಿರಿಯ ಸದಸ್ಯೆ, ಹದಿನಾರರ ಹುಡುಗಿ, ಅದುವರೆಗೆ ಸುಮ್ಮನಿದ್ದವಳು ಕೇಳಿದಳು: "ತನ್ನ ಬೀಳ್ಕೊಡುಗೆಗೆ ಅಕ್ಕನೇ ಮೂರು ಗಂಟೆ ನುಡಿಸಬೇಕೇ?" ಆ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ ಎಂಬುದನ್ನು ಇಂದಿಗೂ ನೆನೆದು ನೋಯುತ್ತೇನೆ. ಅಕ್ಕ ಎಂದರೆ ನುಡಿಸುವವರು ಎಂದು ನಾವು ಅಷ್ಟು ಗಟ್ಟಿಯಾಗಿ ನಂಬಿಬಿಟ್ಟಿದ್ದೆವು.

ಹುಡುಗಿ ಹೇಳಿದ ಮೂರು ಗಂಟೆಯೂ ಸುಳ್ಳಲ್ಲ. ಹಾಡಿಗೆ ನಾಲ್ಕು ನಿಮಿಷವೆಂದರೆ 27 ಹಾಡಿಗೆ 108 ನಿಮಿಷ. ಒಬ್ಬರು ಇಳಿದು ಇನ್ನೊಬ್ಬರು ಹತ್ತಿ, ಮೈಕಿನ ಎತ್ತರ ಸರಿಪಡಿಸಿ, ಶ್ರುತಿ ಬದಲಿಸಲು ಎರಡೆರಡು ನಿಮಿಷವೆಂದರೆ ಇನ್ನೂ 54. ಭಾಷಣ, ಸನ್ಮಾನಕ್ಕೆ 40. ಒಟ್ಟು 202 ನಿಮಿಷ, ಅಂದರೆ ಮೂರು ಗಂಟೆ ಇಪ್ಪತ್ತೆರಡು ನಿಮಿಷ. ಸಭಾಂಗಣ ಸಿಕ್ಕಿದ್ದು ಎರಡೂವರೆ ಗಂಟೆಗೆ. ಹವ್ಯಾಸಿಗಳ ಕಾರ್ಯಕ್ರಮ ತಡವಾಗುವುದು ಹಾಡಿನಿಂದ ಎಂದು ನಾವು ಭಾವಿಸಿದ್ದೆವು. ಲೆಕ್ಕ ಮಾಡಿದಾಗ ಕಾಲು ಭಾಗಕ್ಕಿಂತ ಹೆಚ್ಚು ಹೊತ್ತು ನಡುನಡುವಿನ ಖಾಲಿ ಜಾಗಕ್ಕೇ ಹೋಗುತ್ತಿತ್ತು.

ಆ ರಾತ್ರಿ ಎರಡು ತೀರ್ಮಾನ ಮಾಡಿದೆವು. ಒಂದು, ಅಕ್ಕ ನುಡಿಸಬಾರದು, ಮೊದಲ ಸಾಲಿನಲ್ಲಿ ಕುಳಿತು ಕೇಳಬೇಕು. ಇನ್ನೊಂದು, ಅದು ಅವರಿಗೆ ಗೊತ್ತಾಗಬಾರದು. ಮೊದಲನೆಯದು ನಾವು ಮಾಡಿದ ಅತ್ಯುತ್ತಮ ಕೆಲಸ. ಎರಡನೆಯದು ಅತಿ ದೊಡ್ಡ ತಪ್ಪು.

ಗುಟ್ಟು ಮಾಡಿದ್ದರ ಫಲ

ಗುಟ್ಟಾಗಿಟ್ಟು ಕೊನೆಗೆ ಅಚ್ಚರಿಗೊಳಿಸುವುದು ಪ್ರೀತಿಯ ಗುರುತೆಂದು ನಂಬಿದ್ದೆವು. ಅಕ್ಕನಿಲ್ಲದ ದಿನ ತಾಲೀಮು ಇಟ್ಟುಕೊಂಡೆವು. ಶನಿವಾರದ ಕೂಟಕ್ಕೆ ಜನ ಕಡಿಮೆಯಾದರು, ಬಂದವರೂ ಬೇಗ ಎದ್ದು ಹೋಗುತ್ತಿದ್ದರು. ಅಕ್ಕ ಕೋಣೆಗೆ ಕಾಲಿಟ್ಟೊಡನೆ ಮಾತು ನಿಲ್ಲುತ್ತಿತ್ತು. ಒಬ್ಬರಂತೂ "ಈ ವಾರ ನಾನು ಹಾಡುವುದಿಲ್ಲ ಅಕ್ಕ, ಗಂಟಲು ಸರಿಯಿಲ್ಲ" ಎಂದು ಎರಡು ವಾರ ಒಂದೇ ನೆಪ ಹೇಳಿದರು.

ಮೂರನೆಯ ವಾರದ ನಡುವೆ ಒಂದು ರಾತ್ರಿ ಅಕ್ಕ ನನಗೆ ಫೋನ್ ಮಾಡಿದರು. ಅದೂ ಇದೂ ಮಾತಾಡಿ, ಕೊನೆಗೆ ಕೇಳಿದರು: "ನನ್ನಿಂದ ಯಾರಿಗಾದರೂ ಬೇಸರವಾಗಿದೆಯೇ? ಹೋಗುವವಳು ಹೇಗೂ ಹೋಗುತ್ತಾಳೆ ಎಂದು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೀರೇನೋ. ಹಾಗಿದ್ದರೂ ತಪ್ಪಿಲ್ಲ, ಒಂದು ಮಾತು ಹೇಳಿದ್ದರೆ ಸಾಕಿತ್ತು."

ಮಾರನೆಯ ದಿನವೇ ನಾವು ನಾಲ್ವರೂ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆವು. ಬಿಟ್ಟು ಹೋಗುವವರ ಮನಸ್ಸು ಆ ದಿನಗಳಲ್ಲಿ ತೆಳುವಾಗಿರುತ್ತದೆ. ತಾನಿಲ್ಲದೆ ಏನೂ ನಿಲ್ಲುವುದಿಲ್ಲ ಎಂಬ ಯೋಚನೆ ಅವರನ್ನು ಅದಾಗಲೇ ಕಾಡುತ್ತಿರುತ್ತದೆ. ಅಂಥವರ ಎದುರು ಪಿಸುಮಾತು, ಮುಚ್ಚಿದ ಬಾಗಿಲು, ನೆಪಗಳು ಸಲ್ಲ. ಹುಟ್ಟುಹಬ್ಬಕ್ಕೆ ಗುಟ್ಟು ಮಾಡಬಹುದು, ಬೀಳ್ಕೊಡುಗೆಗೆ ಮಾಡಲೇಬಾರದು ಎಂದು ಈಗ ಖಚಿತವಾಗಿ ಹೇಳುತ್ತೇನೆ. ನಮ್ಮ ಮಾತು ಮುಗಿದಾಗ ಅಕ್ಕ ನಕ್ಕರು, ಕಣ್ಣೊರೆಸಿಕೊಂಡರು, ಒಳಗೆ ಹೋಗಿ ಆ ಕಂದು ನೋಟುಪುಸ್ತಕವನ್ನು ತಂದು ನರ್ಸ್ ಆಗಿರುವ ನಮ್ಮ ಗೆಳತಿಯ ಕೈಗಿಟ್ಟರು. "ನುಡಿಸುವುದು ನಿಮಗೆ ಬರುತ್ತದೆ. ಇವರು ಹೇಗೆ ಹಾಡುತ್ತಾರೆ ಎಂಬುದು ಇದರಲ್ಲಿದೆ" ಎಂದರು.

ಪುಸ್ತಕ ಕಲಿಸಿದ ಪಾಠ

ಇನ್ನು ಉಳಿದದ್ದು ನಾಲ್ಕೂವರೆ ವಾರ. ಮೊದಲು ಬಂದ ಸಲಹೆ ಟ್ರ್ಯಾಕ್, ಅಂದರೆ ಮೊದಲೇ ಧ್ವನಿಮುದ್ರಿಸಿದ ವಾದ್ಯಸಂಗೀತ, ಹಾಕಿ ಹಾಡುವುದು. ಮೊಬೈಲಿನಲ್ಲಿ ಸಿಗುತ್ತದೆ, ಒಳ್ಳೆಯ ವಾದ್ಯವೃಂದದ ಸದ್ದು ಬರುತ್ತದೆ, ಯಾರೂ ಕಲಿಯಬೇಕಾಗಿಲ್ಲ. ಎಂಟು ಮಂದಿಯಿಂದ ಹಾಡಿಸಿ ನೋಡಿದೆವು. ಐವರು ಎರಡನೇ ಚರಣದ ಹೊತ್ತಿಗೆ ತಾಳ ಬಿಟ್ಟಿದ್ದರು. ಕಾರಣ ಸರಳ: ಟ್ರ್ಯಾಕ್ ಕಾಯುವುದಿಲ್ಲ. ಅಕ್ಕ ಹನ್ನೊಂದು ವರ್ಷ ಕಾದು ಕಾದು ನಮ್ಮನ್ನು ಬೆಳೆಸಿದ್ದರು, ಈಗ ಕಾಯದ ಯಂತ್ರದ ಮುಂದೆ ನಿಲ್ಲಿಸಿದರೆ ಕಾಲು ತಡವರಿಸದೆ ಇನ್ನೇನು? ಟ್ರ್ಯಾಕಿನ ಶ್ರುತಿಯೂ ಮೂಲ ಗಾಯಕರದು, ನಮ್ಮ ಗಂಟಲಿನದಲ್ಲ. ಆ ಸಲಹೆಯನ್ನು ಅಲ್ಲಿಗೇ ಬಿಟ್ಟೆವು.

ನುಡಿಸಲು ಐವರು ಮುಂದೆ ಬಂದರು. ಕೀಬೋರ್ಡಿಗೆ ನರ್ಸ್, ಹಾರ್ಮೋನಿಯಂಗೆ ನಿವೃತ್ತ ಮುಖ್ಯೋಪಾಧ್ಯಾಯರು, ಗಿಟಾರಿಗೆ ಕಾಲೇಜು ಹುಡುಗ, ಕೊಳಲಿಗೆ ಒಬ್ಬ ಗುಮಾಸ್ತರು, ತಬಲಾಕ್ಕೆ ಎಂದಿನಂತೆ ದರ್ಜಿ. ಪುಸ್ತಕದಲ್ಲಿದ್ದ ಶ್ರುತಿಗಳನ್ನು ಒಂದು ಹಾಳೆಗೆ ಇಳಿಸಿಕೊಂಡಾಗ ನಮ್ಮ ವೇಳೆಯ ಸಮಸ್ಯೆಗೂ ಉತ್ತರ ಸಿಕ್ಕಿತು. 27 ಮಂದಿಯ ಶ್ರುತಿ ಏಳೇ ಮನೆಗಳಲ್ಲಿ (ಕೀಗಳ ಬಣ್ಣ, ಎಣಿಕೆಯೇ ಅವುಗಳ ಹೆಸರು) ಕುಳಿತಿತ್ತು: ಗಂಡಸರದು ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು, ಹೆಂಗಸರದು ಬಿಳಿ ನಾಲ್ಕು, ಕಪ್ಪು ಮೂರು, ಬಿಳಿ ಐದು, ಕಪ್ಪು ನಾಲ್ಕು. ಒಂದೇ ಶ್ರುತಿಯವರನ್ನು ಒಂದು ಗೊಂಚಲು ಮಾಡಿ ಒಟ್ಟಿಗೆ ವೇದಿಕೆಗೆ ಕರೆದೆವು. ಗೊಂಚಲಿನೊಳಗೆ ಒಬ್ಬರ ಹಾಡು ಮುಗಿದರೆ ಪಕ್ಕದವರು ಮೈಕಿಗೆ ಬಂದರಾಯಿತು. ಇದರ ಬೆಲೆ ದರ್ಜಿಗೆ ಚೆನ್ನಾಗಿ ಗೊತ್ತಿತ್ತು. ತಬಲಾವನ್ನು ಸುತ್ತಿಗೆಯಿಂದ ತಟ್ಟಿ ಬೇರೆ ಮನೆಗೆ ತರಲು ಎರಡು ಮೂರು ನಿಮಿಷ ಬೇಕೇ ಬೇಕು, ಪ್ರತಿ ಹಾಡಿಗೂ ಹಾಗೆ ತಟ್ಟುತ್ತ ಕುಳಿತರೆ ಸಭೆ ಆಕಳಿಸುತ್ತದೆ. ಹಾಡಿಗೆ ಒಂದು ಚರಣ ಕಡಿಮೆ ಮಾಡಿ ಮೂರು ನಿಮಿಷವೆಂದು ಒಪ್ಪಿಸಿದೆವು: 81 ನಿಮಿಷ. ಏಳು ಬದಲಾವಣೆಗೆ ಮೂರು ಮೂರು ನಿಮಿಷ: 21. ಮೂವರ ಮಾತು, ತಲಾ ಮೂರು ನಿಮಿಷ: 9. ಎಲ್ಲ ಸೇರಿ 111 ನಿಮಿಷ. ಒಬ್ಬರನ್ನೂ ಬಿಡದೆ ಒಂದೂವರೆ ಗಂಟೆ ಉಳಿಸಿದ್ದೆವು.

ಇನ್ನೊಂದು ಕಟ್ಟುನಿಟ್ಟು ಮಾಡಿಕೊಂಡೆವು: ಆ ದಿನಕ್ಕೆಂದು ಯಾರೂ ಹೊಸ ಹಾಡು ಕಲಿಯಬಾರದು. ಇದಕ್ಕೆ ಬಂದ ವಿರೋಧ ಸಣ್ಣದಲ್ಲ. ಅಕ್ಕನಿಗೆ ವಿಶೇಷವಾದದ್ದನ್ನು ಕೊಡಬೇಕೆಂಬ ಆಸೆ ಎಲ್ಲರಿಗೂ ಇತ್ತು. ಆದರೆ ಸಭೆಯ ಎದುರು ಮನುಷ್ಯ ಹೇಗೆ ವರ್ತಿಸುತ್ತಾನೆ ಎಂಬುದನ್ನು ಮನೋವಿಜ್ಞಾನ ಬಹಳ ಹಿಂದೆಯೇ ಗುರುತಿಸಿದೆ. ರಾಬರ್ಟ್ ಝಯೋಂಕ್ 1965ರಲ್ಲಿ ಮಂಡಿಸಿದ ವಿಚಾರವಿದು: ನೋಡುವವರಿದ್ದಾಗ ಚೆನ್ನಾಗಿ ರೂಢಿಯಾದ ಕೆಲಸ ಇನ್ನಷ್ಟು ಚೆನ್ನಾಗಿ ಆಗುತ್ತದೆ, ಅರೆಬರೆ ಕಲಿತದ್ದು ಇನ್ನಷ್ಟು ಕೆಡುತ್ತದೆ. ನೂರು ಸಲ ಹಾಡಿದ ಹಾಡನ್ನು ಸಭೆ ಎತ್ತಿ ಹಿಡಿಯುತ್ತದೆ, ಮೂರು ವಾರದ ಹಾಡನ್ನು ಅದೇ ಸಭೆ ಕೆಳಗೆ ಬೀಳಿಸುತ್ತದೆ. ಅಕ್ಕನೊಂದಿಗೆ ಹೆಚ್ಚು ಸಲ ಹಾಡಿದ ಹಾಡು ಯಾವುದೋ ಅದನ್ನೇ ಹಾಡಿ ಎಂದೆವು. ಆ ಹಾಡುಗಳಲ್ಲಿ ಅಕ್ಕನ ಹನ್ನೊಂದು ವರ್ಷವೂ ಇದ್ದವಲ್ಲ, ಅದಕ್ಕಿಂತ ವಿಶೇಷ ಬೇರೆ ಏನು ಬೇಕಿತ್ತು?

ಈಗ ಒಬ್ಬ ಹಿರಿಯರ ವಿಷಯ ಹೇಳಲೇಬೇಕು. ವಯಸ್ಸು 78. ತಾಲೀಮಿನಲ್ಲಿ ಅವರ ಸ್ವರ ಮೇಲಕ್ಕೆ ಹೋದಾಗಲೆಲ್ಲ ಶ್ರುತಿಯಿಂದ ಕೆಳಗೆ ಜಾರುತ್ತಿತ್ತು. ಕೇಳುವವರಿಗೆ ಇರಿಸುಮುರಿಸು. "ಅವರನ್ನು ಬೃಂದಗಾನಕ್ಕೆ ಸೇರಿಸಿಬಿಡೋಣ, ಒಂಟಿ ಹಾಡು ಬೇಡ" ಎಂದು ಇಬ್ಬರು ಹೇಳಿದರು. ನನಗೆ ಸಿಟ್ಟು ಬಂತು. ಬಳಗ ಶುರುವಾದ ದಿನದಿಂದ ಒಂದು ಶನಿವಾರವೂ ತಪ್ಪಿಸದವರನ್ನು ಈ ಒಂದು ಸಂಜೆ ಮರೆಯಲ್ಲಿ ನಿಲ್ಲಿಸುವುದೇ? ಆದರೆ ಸಿಟ್ಟಿನಿಂದ ಅಪಸ್ವರ ಸರಿಹೋಗುವುದಿಲ್ಲವಲ್ಲ.

ನರ್ಸ್ ಗೆಳತಿ ಪುಸ್ತಕದಲ್ಲಿ ಅವರ ಪುಟ ತೆರೆದಳು. ಶ್ರುತಿಯ ಜಾಗದಲ್ಲಿ ಮೊದಲು 'ಬಿಳಿ ಎರಡು' ಎಂದು ಬರೆದು ಅಡ್ಡಗೆರೆ ಎಳೆದಿತ್ತು. ಅದರ ಪಕ್ಕ 'ಕಪ್ಪು ಒಂದು', ಅದಕ್ಕೂ ಗೆರೆ. ಕೊನೆಗೆ ಬೇರೆ ಬಣ್ಣದ ಶಾಯಿಯಲ್ಲಿ 'ಬಿಳಿ ಒಂದು'. ಕೆಳಗೆ ಸಣ್ಣ ಅಕ್ಷರದಲ್ಲಿ: 'ಹೇಳುವುದು ಬೇಡ, ಬಟನ್ ಒತ್ತಿದರೆ ಸಾಕು.' ವಯಸ್ಸಾದಂತೆ ಅವರ ದನಿ ಮೇಲಿನ ಸ್ವರಗಳನ್ನು ಬಿಟ್ಟುಕೊಡುತ್ತ ಬಂದಿತ್ತು. ಅಕ್ಕ ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ನಿನಿಂದ ವರ್ಷಗಳು ಕಳೆದಂತೆ ಅರ್ಧರ್ಧ ಸ್ವರ ಇಳಿಸುತ್ತ ಬಂದಿದ್ದರು. ಹಿರಿಯರು ಮಾತ್ರ ಇಂದಿಗೂ "ನನ್ನದು ಬಿಳಿ ಎರಡು" ಎನ್ನುತ್ತಿದ್ದರು, ತಾಲೀಮಿನಲ್ಲಿ ನಾವು ಅದನ್ನೇ ನಂಬಿ ಕೊಟ್ಟಿದ್ದೆವು. ಅಪಸ್ವರದ ಕಾರಣ ಅವರ ಕಿವಿಯೂ ಅಲ್ಲ, ಸಾಧನೆಯ ಕೊರತೆಯೂ ಅಲ್ಲ. ಏರಲಾಗದ ಎತ್ತರಕ್ಕೆ ಅವರನ್ನು ನಾವೇ ಹತ್ತಿಸುತ್ತಿದ್ದೆವು.

ಬಿಳಿ ಒಂದಕ್ಕೆ ಇಳಿಸಿ ಹಾಡಿಸಿದೆವು. ಜಾರುವುದು ನಿಂತಿತು. ಅವರ ಗೊಂಚಲಿಗೆ ಹಾರ್ಮೋನಿಯಂ ಬೇಡವೆಂದು, ಕೀಬೋರ್ಡನ್ನೇ ಇಟ್ಟುಕೊಂಡೆವು. ಹಾಡುವವರ ಕಡೆ ತಿರುಗಿದ ಮಾನಿಟರ್ ಸ್ಪೀಕರಿನಲ್ಲಿ ಶ್ರುತಿಯ ನಾದವನ್ನು ಸ್ವಲ್ಪ ಮುಂದೆ ತಂದೆವು. ತಮ್ಮ ದನಿ ತಮಗೇ ಕೇಳದಿದ್ದರೆ ಒಳ್ಳೆಯ ಗಾಯಕರೂ ಶ್ರುತಿ ಬಿಡುತ್ತಾರೆ. ವಿಷಯವನ್ನು ಅವರಿಗೆ ಹೇಳಬೇಕೇ ಬೇಡವೇ ಎಂದು ನಾವು ಬಹಳ ಹೊತ್ತು ಚರ್ಚಿಸಿದೆವು. ಹೇಳಲಿಲ್ಲ. ಅದು ಸರಿಯೆಂದೇ ನನ್ನ ನಂಬಿಕೆ, ಆದರೂ ಬೇರೆ ಬಳಗದವರು ಬೇರೆ ರೀತಿ ಯೋಚಿಸಬಹುದು.

ಕೊನೆ ಹೇಗಿರಬೇಕು ಎಂಬ ವಾದ

ಮುಖ್ಯೋಪಾಧ್ಯಾಯರು ಒಂದು ಕಥೆ ತಂದರು. 1772ರಲ್ಲಿ ರಾಜಕುಮಾರ ನಿಕೋಲಾಸ್ ಎಸ್ಟರ್‌ಹಾಝಿ ಬೇಸಿಗೆಯ ಅರಮನೆಯಲ್ಲಿ ಬಹುಕಾಲ ಉಳಿದುಬಿಟ್ಟಾಗ, ಹೆಂಡತಿ ಮಕ್ಕಳಿಂದ ದೂರವಿದ್ದ ಆಸ್ಥಾನದ ವಾದಕರು ಮನೆಗೆ ಹೋಗಲು ಹಂಬಲಿಸುತ್ತಿದ್ದರು. ಅವರ ಪರವಾಗಿ ಆಸ್ಥಾನದ ಸಂಗೀತ ರಚನೆಕಾರ ಜೋಸೆಫ್ ಹೈಡನ್ ಒಂದು ಸಿಂಫನಿ (ವಾದ್ಯವೃಂದಕ್ಕೆಂದು ಬರೆದ ದೊಡ್ಡ ಕೃತಿ) ರಚಿಸಿದ. ಅವನ 45ನೆಯ ಸಿಂಫನಿ ಅದು. ಅದರ ಕೊನೆಯ ಭಾಗದಲ್ಲಿ ವಾದಕರು ಒಬ್ಬೊಬ್ಬರಾಗಿ ತಮ್ಮ ಪಾಲು ಮುಗಿಸಿ, ಮುಂದಿದ್ದ ಮೇಣದಬತ್ತಿ ಆರಿಸಿ ಎದ್ದು ಹೋಗುತ್ತಾರೆ. ಉಳಿಯುವುದು ಎರಡೇ ಪಿಟೀಲು. ರಾಜಕುಮಾರನಿಗೆ ಮಾತು ಮುಟ್ಟಿತು, ಆಸ್ಥಾನ ಊರಿಗೆ ಮರಳಿತು ಎಂದು ಹೇಳುತ್ತಾರೆ. ನಾವೂ ಹಾಗೆಯೇ ಒಬ್ಬೊಬ್ಬರಾಗಿ ಇಳಿಯೋಣ ಎಂಬುದು ಅವರ ಆಸೆ.

ಕೇಳಲು ಬಹಳ ಚೆಂದ. ಆದರೆ ಹೈಡನ್ನನ ವಾದಕರು ಹೊರಡಲು ಬಯಸಿದವರು. ಇಲ್ಲಿ ಹೊರಡುವವರು ಒಬ್ಬರೇ, ಅವರಿಗೆ ಹೊರಡಲು ಮನಸ್ಸಿಲ್ಲ. ಖಾಲಿಯಾಗುವ ವೇದಿಕೆಯನ್ನು ಅವರ ಕಣ್ಣೆದುರು ಇಟ್ಟು ಕಳಿಸುವುದು ಕ್ರೂರ ಎನಿಸಿತು. ಅದನ್ನೇ ತಿರುವಿ ಹಾಕಿದೆವು: ಕೊನೆಯಲ್ಲಿ ಬರಿಯ ಶ್ರುತಿಯಿಂದ ಶುರುವಾಗಲಿ, ಒಂದೊಂದೇ ಗೊಂಚಲು ಬಂದು ಸೇರಿಕೊಳ್ಳಲಿ, ಮುಗಿಯುವಾಗ ವೇದಿಕೆ ತುಂಬಿರಲಿ. ಗಂಡಸರಿಗೂ ಹೆಂಗಸರಿಗೂ ಹೊಂದುವ ಶ್ರುತಿಯ ಹುಡುಕಾಟದಲ್ಲಿ ಒಂದು ಇಡೀ ತಾಲೀಮು ಹೋಯಿತು, ಕಡೆಗೆ ಬಿಳಿ ಮೂರಕ್ಕೆ ಒಪ್ಪಿದೆವು.

ಆ ಸಂಜೆ

ಮೊದಲ ಐದು ನಿಮಿಷ ಸಭೆಯಲ್ಲಿ ಕುಳಿತವರೆಲ್ಲರಿಂದ, ಮನೆಯವರು ನೆಂಟರು ಸೇರಿ, ಒಂದು ಸುಲಭದ ಹಾಡಿನ ಪಲ್ಲವಿ ಹೇಳಿಸಿದೆವು. ಇದನ್ನು ಕೊನೆಗಿಡದೆ ಮೊದಲಿಗೇ ಇಟ್ಟದ್ದಕ್ಕೆ ಒಂದು ಆಧಾರವಿತ್ತು. ವಯಸ್ಕರ ತರಗತಿಗಳನ್ನು ಏಳು ತಿಂಗಳು ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಗಿದೆ. ಹಾಡು ಕಲಿಯುವ ಗುಂಪು, ಕರಕುಶಲ ಅಥವಾ ಬರವಣಿಗೆ ಕಲಿಯುವ ಗುಂಪುಗಳಿಗಿಂತ ಬೇಗ ಪರಸ್ಪರ ಹತ್ತಿರವಾಯಿತು. ಕೊನೆಗೆ ಎಲ್ಲ ಗುಂಪುಗಳೂ ಅಷ್ಟೇ ಹತ್ತಿರವಾದವು, ವ್ಯತ್ಯಾಸ ಇದ್ದುದು ಆರಂಭದ ವೇಗದಲ್ಲಿ. ಪರಿಚಯವಿಲ್ಲದ ಸಭೆಯ ಬಿಗುವು ಸಡಿಲವಾಗಬೇಕಾದರೆ ಮೊದಲೇ ಹಾಡಿಸುವುದು ಲೇಸು ಎಂದುಕೊಂಡೆವು, ಹಾಗೆಯೇ ಆಯಿತು. ಮೊದಲ ಗೊಂಚಲು ಹತ್ತುವ ಹೊತ್ತಿಗೆ ಮುಂದೆ ಕುಳಿತವರ ಮುಖದಲ್ಲಿ ನಗುವಿತ್ತು.

ಮೂರನೆಯ ಗೊಂಚಲಿಗೆ ಸ್ಪೀಕರ್ ಕಿರುಚಿತು. ಹಾಡುತ್ತಿದ್ದ ಯುವಕ ಮೈಕಿನ ತಲೆಯನ್ನೇ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದ. ವೇದಿಕೆಯ ಮೈಕು ಮುಂದಿನ ಸದ್ದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಹಿಡಿಯುವಂತೆ ಮಾಡಿರುತ್ತಾರೆ. ಜಾಲರಿಯ ಹಿಂಬದಿಯ ರಂಧ್ರಗಳಿಂದ ಒಳಬರುವ ಸದ್ದಿನಿಂದಲೇ ಅದು ಸಾಧ್ಯವಾಗುತ್ತದೆ. ಅಂಗೈಯಿಂದ ಅದನ್ನು ಮುಚ್ಚಿದರೆ ಮೈಕು ಎಲ್ಲ ದಿಕ್ಕಿನಿಂದಲೂ ಕೇಳತೊಡಗುತ್ತದೆ, ಸ್ಪೀಕರಿನ ಸದ್ದನ್ನೇ ಮತ್ತೆ ನುಂಗಿ ಮತ್ತೆ ಕಕ್ಕುತ್ತದೆ. ಕೈಯನ್ನು ಹಿಡಿಗೆ ಇಳಿಸಿದೊಡನೆ ಸರಿಹೋಯಿತು. ತಾಲೀಮನ್ನೆಲ್ಲ ಮೈಕಿಲ್ಲದೆ ನಡೆಸಿದ್ದು ನಮ್ಮ ತಪ್ಪು, ಒಂದೇ ಒಂದು ಸಲ ಮೈಕು ಕೈಗೆ ಕೊಟ್ಟಿದ್ದರೆ ಸಾಕಿತ್ತು.

ಕೊಳಲಿನದು ಬೇರೆಯೇ ಕಥೆ. ನಮ್ಮ ಕೋಣೆಗಿಂತ ಸಭಾಂಗಣ ಬಹಳ ತಂಪಾಗಿತ್ತು. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, ಒಂದೊಂದು ಡಿಗ್ರಿ ಇಳಿದಂತೆ ಸುಮಾರು 0.6 ಮೀಟರ್ ಕಡಿಮೆಯಾಗುತ್ತದೆ. ಕೊಳಲಿನ ಶ್ರುತಿಯೂ ಅದರೊಡನೆ ಇಳಿಯುತ್ತದೆ. ಕೀಬೋರ್ಡಿಗೆ ಚಳಿಯಿಲ್ಲ, ಅದು 440 ಹರ್ಟ್ಜ್‌ನಲ್ಲೇ, ಅಂದರೆ ಶ್ರುತಿಯ ಸಾಮಾನ್ಯ ಅಳತೆಯಲ್ಲೇ, ಕುಳಿತಿರುತ್ತದೆ. ಬಿದಿರಿನ ಕೊಳಲನ್ನು ಉದ್ದ ಗಿಡ್ಡ ಮಾಡಲಾಗದು. ನರ್ಸ್ ಗೆಳತಿ ಕಿವಿಗೊಟ್ಟು ಕೇಳಿ ಕೀಬೋರ್ಡನ್ನೇ 437ಕ್ಕೆ ಇಳಿಸಿದಳು. ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ ಪುಸ್ತಕವನ್ನು ತೋರಿಸಿದಳು. ಕೊಳಲಿನವರ ಪುಟದಲ್ಲಿ 'ಚಳಿ ಇದ್ದರೆ ನಾವೇ ಇಳಿಯಬೇಕು' ಎಂದಿತ್ತು.

78ರ ಹಿರಿಯರು ಹಾಡಿದರು. ಒಂದು ಸ್ವರವೂ ಜಾರಲಿಲ್ಲ. ಹಾಡು ಮುಗಿದಾಗ ಅಕ್ಕ ನರ್ಸ್ ಗೆಳತಿಯ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದ್ದನ್ನು ನಾನು ನೋಡಿದೆ. ಅದರ ಅರ್ಥ ತಿಳಿದವರು ಸಭೆಯಲ್ಲಿ ಏಳೆಂಟು ಮಂದಿ ಮಾತ್ರ.

ಹದಿನಾರರ ಹುಡುಗಿ ಮೈಕಿನ ಮುಂದೆ ಬಂದಾಗ ಕೈ ನಡುಗುತ್ತಿತ್ತು. "ಸಮಾಧಾನ ಮಾಡಿಕೋ" ಎಂದು ಯಾರೂ ಹೇಳಬಾರದೆಂದು ಮೊದಲೇ ಮಾತಾಡಿಕೊಂಡಿದ್ದೆವು. ಹಾಡುವ ಮುನ್ನ ಶಾಂತವಾಗಿದ್ದೇನೆ ಎಂದುಕೊಂಡವರಿಗಿಂತ ಉತ್ಸಾಹದಲ್ಲಿದ್ದೇನೆ ಎಂದು ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಹಾಡಿದರೆಂದು ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಯೋಗ ನಡೆಸಿ ತೋರಿಸಿದ್ದಾರೆ. ಎದೆ ಹೊಡೆದುಕೊಳ್ಳುವುದು ಭಯಕ್ಕೂ ಒಂದೇ, ಸಂಭ್ರಮಕ್ಕೂ ಒಂದೇ. ಹೆಸರು ಬದಲಿಸುವುದು ಸುಲಭ, ಎದೆ ಬಡಿತ ನಿಲ್ಲಿಸುವುದು ಕಷ್ಟ. ಹುಡುಗಿ ಮರೆಯಲ್ಲಿ ನಿಂತು ನಾಲ್ಕು ಸಲ ಹಾಗೆ ಹೇಳಿಕೊಂಡೇ ಬಂದಿದ್ದಳು. ಪಲ್ಲವಿ ಚೆನ್ನಾಗಿ ಬಂತು, ಮೊದಲ ಚರಣವೂ ಬಂತು. ಆಮೇಲೆ ಮಾತು ಮರೆತುಹೋಯಿತು.

ಗಿಟಾರಿನ ಹುಡುಗ ನಿಲ್ಲಿಸಲಿಲ್ಲ. ಪಲ್ಲವಿಗೆ ಮರಳಿದ, ತಬಲಾ ಜೊತೆಗೂಡಿತು, ಸಭೆಯೇ ಪಲ್ಲವಿಯನ್ನು ಎತ್ತಿಕೊಂಡಿತು. ನಾನು ತಿರುಗಿ ಅಕ್ಕನನ್ನು ನೋಡಿದೆ. ಮಡಿಲಲ್ಲಿದ್ದ ಚೀಲದ ಮೇಲೆ ಅವರ ಬಲಗೈ ಬೆರಳುಗಳು ನುಡಿಸುತ್ತಿದ್ದವು, ಕೊನೆಯ ಸ್ವರಕ್ಕೆ ಬಂದಾಗ ಕಿರುಬೆರಳು ಒತ್ತಿ ಹಿಡಿದು ಕಾಯುತ್ತಿತ್ತು. ವೇದಿಕೆಯ ಮೇಲೆ ಗಿಟಾರೂ ಅದೇ ಜಾಗದಲ್ಲಿ ಕಾಯುತ್ತಿತ್ತು. ಮೂರನೆಯ ಆವರ್ತಕ್ಕೆ ಹುಡುಗಿಗೆ ಸಾಲು ನೆನಪಾಯಿತು.

ಕೊನೆಯ ಹಾಡಿಗೆ ಗೊಂಚಲುಗಳು ಒಂದೊಂದಾಗಿ ಬಂದು ಸೇರಿದವು. ಅಕ್ಕನನ್ನು ವೇದಿಕೆಗೆ ಕರೆಯುವುದಿಲ್ಲವೆಂದು ತೀರ್ಮಾನಿಸಿದ್ದೆವು, ಕರೆದರೆ ಅವರು ಮತ್ತೆ ಕೀಬೋರ್ಡಿಗೇ ಹೋಗಿ ಕೂರುತ್ತಾರೆ ಎಂಬ ಅಂಜಿಕೆಯಿಂದ. ಏಳನೆಯ ಗೊಂಚಲು ಹತ್ತಿದ ಮೇಲೆ ಅವರೇ ಎದ್ದು ಬಂದರು. ಕೀಬೋರ್ಡಿನ ಕಡೆ ನೋಡಲಿಲ್ಲ. ಹಿಂದಿನ ಸಾಲಿಗೆ ಹೋಗಿ, ನರ್ಸ್ ಗೆಳತಿಯ ಬೆನ್ನ ಹಿಂದೆ ನಿಂತು, ಹಾಡತೊಡಗಿದರು. ಹನ್ನೊಂದು ವರ್ಷದಲ್ಲಿ ಅವರ ದನಿಯನ್ನು ನಾವು ಕೇಳಿರಲೇ ಇಲ್ಲ. ಮಂದ್ರದ ಕಡೆಗೆ ವಾಲುವ, ಸ್ವಲ್ಪ ಒರಟು ಅಂಚಿನ, ಬೆಚ್ಚಗಿನ ದನಿ.

ಆಮೇಲೆ

111 ನಿಮಿಷವೆಂದು ಹಾಕಿದ್ದು 134 ಆಯಿತು. ಮೂವರ ಮಾತಿನಲ್ಲಿ ಒಬ್ಬರದು ಹದಿನೇಳು ನಿಮಿಷ ನಡೆಯಿತು. ನಿರೂಪಣೆ ಮಾಡುತ್ತಿದ್ದವರು ನಿಲ್ಲಿಸಲು ಸಂಕೋಚಪಟ್ಟರು. ಚರಣ ಕಡಿಮೆ ಮಾಡಿಸಿದ್ದಕ್ಕೆ ನೊಂದ ಇಬ್ಬರು ಒಂದು ತಿಂಗಳು ಬಳಗದ ಕಡೆ ಬರಲಿಲ್ಲ. ಅವರೊಂದಿಗೆ ಮೊದಲೇ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡಬೇಕಿತ್ತು, ಸಭೆಯಲ್ಲಿ ಪಟ್ಟಿ ಓದಿ ಹೇಳಿದ್ದು ತಪ್ಪಾಯಿತು. ನಾನೇ ಹೋಗಿ ಕ್ಷಮೆ ಕೇಳಿದೆ, ಈಗ ಇಬ್ಬರೂ ಬರುತ್ತಾರೆ.

ಐವರು ವಾದಕರಲ್ಲಿ ಮೂವರು ಈಗ ಸರದಿಯಂತೆ ಪಕ್ಕವಾದ್ಯಕ್ಕೆ ಕೂರುತ್ತಾರೆ. ಒಬ್ಬರ ಕೈಯಲ್ಲಿದ್ದದ್ದು ಮೂವರ ಕೈಗೆ ಬಂದಿದೆ. ಯಾರೊಬ್ಬರು ಬಾರದಿದ್ದರೂ ಕೂಟ ನಡೆಯುತ್ತದೆ. ಮೊದಮೊದಲು ಹಲವರು ತಾಳ ತಪ್ಪಿದರು, ತಪ್ಪಿದ್ದು ಅವರಿಗೇ ಕೇಳಿಸಿತು, ತಿದ್ದಿಕೊಳ್ಳುತ್ತಿದ್ದಾರೆ.

ನೋಟುಪುಸ್ತಕ ನಮ್ಮಲ್ಲೇ ಇದೆ. ಅಕ್ಕ ಹೋದ ನಂತರದ ಮೊದಲ ಶನಿವಾರ ಅದನ್ನು ತೆರೆದಾಗ ಕೊನೆಯ ಪುಟದಲ್ಲಿ ನರ್ಸ್ ಗೆಳತಿಯ ಅಕ್ಷರದಲ್ಲಿ ಹೊಸದೊಂದು ಸಾಲು ಇತ್ತು. ಬಳಗಕ್ಕೆ ಬಂದು ಹೋದವರೆಲ್ಲರ ಹೆಸರಿದ್ದ ಆ ಪುಸ್ತಕದಲ್ಲಿ ಅದುವರೆಗೆ ಇಲ್ಲದಿದ್ದ ಹೆಸರು ಅದು. ಕೊನೆಯ ಹಾಡಿನ ಎರಡನೇ ಚರಣಕ್ಕೆ ಮುನ್ನ ತನ್ನ ಬೆನ್ನ ಹಿಂದಿನ ದನಿ ಗದ್ಗದವಾಗಿ ನಿಂತುಹೋದದ್ದು ಅವಳಿಗೆ ಕೇಳಿಸಿತ್ತು. ತಿರುಗಿ ನೋಡದೆ ಪಲ್ಲವಿಯನ್ನು ಇನ್ನೊಂದು ಆವರ್ತ ನುಡಿಸಿದ್ದಳು, ಆ ದನಿ ಮತ್ತೆ ಸೇರಿಕೊಳ್ಳುವವರೆಗೆ. ನಮಗೆ ಆಗ ಅದು ತಿಳಿದಿರಲಿಲ್ಲ, ಆ ಸಾಲು ಓದಿದ ಮೇಲೆ ತಿಳಿಯಿತು:

'ಅಕ್ಕ. ಬಿಳಿ ಮೂರು. ಎರಡನೇ ಚರಣಕ್ಕೆ ಮುಂಚೆ ಕಾಯಬೇಕು.'